ಚೀನಾದ ನಾಯಕರ ಬಯೋಡೇಟಾ ಓದುವುದು ಹೇಗೆ?

ನಮ್ಮ ಕಡೆ ಒಬ್ಬ ರಾಜಕಾರಣಿಯ ಬಗ್ಗೆ ತಿಳಿದುಕೊಳ್ಳಲು ದಾರಿ ಬೇಕಾದಷ್ಟಿವೆ. ಚುನಾವಣೆಗೆ ನಿಂತಾಗ ಕೊಟ್ಟ ಅಫಿಡವಿಟ್ ತೆಗೆದರೆ ಆಸ್ತಿ, ಸಾಲ, ಮೇಲಿರುವ ಕೇಸು ಎಲ್ಲಾ ಸಿಗುತ್ತದೆ. ಉಳಿದದ್ದನ್ನು ವಿರೋಧ ಪಕ್ಷದವರು ಹೇಳದೆ ಬಿಡುವುದಿಲ್ಲ. ಊರಿನ ಹೋಟೆಲ್‌ನಲ್ಲಿ ಕೂತು ಒಂದು ಕಾಫಿ ಕುಡಿದರೆ ಅವರ ಅಜ್ಜನ ಕಾಲದ ಕಥೆಯೂ ಬರುತ್ತದೆ.

ಚೀನಾದಲ್ಲಿ ಇದು ಯಾವುದೂ ಇಲ್ಲ. ಇರುವುದು ಷಿನ್ಹುವಾ ಎಂಬ ಸರ್ಕಾರಿ ಸುದ್ದಿಸಂಸ್ಥೆ ಕೊಡುವ ಒಂದು ಬಯೋಡೇಟಾ. ಹುಟ್ಟಿದ ತಿಂಗಳು, ಮೂಲ ಊರು, ಕೆಲಸಕ್ಕೆ ಸೇರಿದ ತಿಂಗಳು, ಕಮ್ಯುನಿಸ್ಟ್ ಪಕ್ಷ ಸೇರಿದ ತಿಂಗಳು, ಓದು, ಆಮೇಲೆ ಸಾಲಾಗಿ ಹುದ್ದೆಗಳು. ಮುಗಿಯಿತು. ಆಸ್ತಿ ಎಷ್ಟು ಅಂತ ಜನರಿಗೆ ತೋರಿಸುವ ಪದ್ಧತಿಯೇ ಇಲ್ಲ. 140 ಕೋಟಿ ಜನರನ್ನು ಆಳುವವರ ಬಗ್ಗೆ ಆ ಜನರಿಗೇ ಸಿಗುವುದು ಇಷ್ಟು. ನಮಗೂ ಇದು ದೂರದ ಮಾತಲ್ಲ, 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತರು, ಗಡಿಯ ಆಚೆ ತೀರ್ಮಾನ ಮಾಡುವವರು ಯಾರು, ಎಲ್ಲಿಂದ ಬಂದವರು ಅಂತ ನಮಗೆ ಗೊತ್ತಿರಬೇಕಲ್ವಾ? ಕೆಲವು ವರ್ಷಗಳಿಂದ ಈ ಬಯೋಡೇಟಾಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತಾ ಬಂದಿದ್ದೇನೆ. ಹಾಗೆ ಬರೆಯುತ್ತಾ ಕಲಿತದ್ದು ಇದು.

ಮೊದಲು ಮೇಲಿನ ಎರಡು ಸಾಲನ್ನು ನಿಧಾನವಾಗಿ ಓದಿ. ಹೆಚ್ಚಿನವರು ಅದನ್ನು ದಾಟಿ ಸೀದಾ ಹುದ್ದೆಗಳಿಗೆ ಹೋಗುತ್ತಾರೆ. ಷಿ ಜಿನ್‌ಪಿಂಗ್ ಅವರದ್ದನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1953ರ ಜೂನ್. ಕೆಲಸಕ್ಕೆ ಸೇರಿದ್ದು 1969ರ ಜನವರಿ. ಪಕ್ಷ ಸೇರಿದ್ದು 1974ರ ಜನವರಿ. ಈಗ ಕಳೆದು ನೋಡಿ. ಹದಿನೈದು ವರ್ಷದ ಹುಡುಗ ಯಾವ ಕೆಲಸಕ್ಕೆ ಸೇರುತ್ತಾನೆ? ಅವರ ತಂದೆ ಷಿ ಝೋಂಗ್‌ಷುನ್ ಉಪಪ್ರಧಾನಿಯಾಗಿದ್ದವರು, 1962ರಲ್ಲಿ ಪಕ್ಷದ ಕೆಂಗಣ್ಣಿಗೆ ಬಿದ್ದು ಎಲ್ಲಾ ಕಳೆದುಕೊಂಡರು. ಮಾವೊ 1966ರಲ್ಲಿ ಶುರು ಮಾಡಿದ ಸಾಂಸ್ಕೃತಿಕ ಕ್ರಾಂತಿ ಎಂಬ ರಾಜಕೀಯ ಅಲ್ಲೋಲಕಲ್ಲೋಲದ ಕಾಲದಲ್ಲಿ ಮಗನನ್ನು ಬೀಜಿಂಗ್‌ನಿಂದ ಶಾನ್‌ಷಿ ಪ್ರಾಂತ್ಯದ ಲಿಯಾಂಗ್‌ಜಿಯಾಹೆ ಎಂಬ ಹಳ್ಳಿಗೆ ಕಳಿಸಿದರು. ಮಣ್ಣಿನ ಗುಡ್ಡ ಕೊರೆದು ಮಾಡಿದ ಗುಹೆಮನೆಯಲ್ಲಿ ವಾಸ, ಹೊಲದಲ್ಲಿ ದುಡಿಮೆ, ಹೀಗೆ ಸುಮಾರು ಏಳು ವರ್ಷ. ಪಕ್ಷ ಸೇರಲು ಕೊಟ್ಟ ಅರ್ಜಿ ಹಲವು ಸಲ ವಾಪಸ್ ಬಂತು, ಕಾರಣ ತಂದೆ. ಇಷ್ಟೆಲ್ಲಾ ಕಥೆ ಆ ಮೂರು ತಾರೀಕುಗಳ ನಡುವೆ ಇದೆ. ತಂದೆಯ ಹೆಸರು ಬಯೋಡೇಟಾದಲ್ಲಿ ಎಲ್ಲೂ ಇಲ್ಲ. ಹಾಗಾಗಿ 1940ರ ದಶಕದ ಕೊನೆಯಿಂದ 1950ರ ದಶಕದವರೆಗೆ ಹುಟ್ಟಿದ ಯಾವುದೇ ನಾಯಕರ ವಿವರ ಸಿಕ್ಕರೂ ಮೊದಲು 1966ರಲ್ಲಿ ಅವರ ವಯಸ್ಸೆಷ್ಟು ಅಂತ ಲೆಕ್ಕ ಹಾಕಿ.

ಓದಿನ ಸಾಲಿನಲ್ಲಿ ಒಂದು ವಿಷಯ ನೋಡಿಕೊಳ್ಳಿ ಸಾಕು. ಡಿಗ್ರಿ ಕಾಲೇಜಿಗೆ ಹೋಗಿ ಓದಿದ್ದೋ, ಕೆಲಸದಲ್ಲಿ ಇದ್ದುಕೊಂಡೇ ಪಡೆದದ್ದೋ ಅಂತ ಅಲ್ಲಿ ಬರೆದಿರುತ್ತದೆ. ಷಿ ಅವರ ಡಾಕ್ಟರೇಟ್ ಎರಡನೇ ಬಗೆಯದು. ಫುಜಿಯಾನ್ ಪ್ರಾಂತ್ಯದಲ್ಲಿ ದೊಡ್ಡ ಹುದ್ದೆಯಲ್ಲಿ ಇದ್ದಾಗಲೇ, 1998ರಿಂದ 2002ರ ನಡುವೆ ಪಡೆದದ್ದು.

ಈಗ ಹುದ್ದೆಗಳಿಗೆ ಬರೋಣ. ನಮ್ಮವರು ಎಡವುವುದು ಇಲ್ಲೇ ಜಾಸ್ತಿ. ಮೇಯರ್, ಗವರ್ನರ್ ಅಂತ ಕಂಡ ಕೂಡಲೇ ಅವರೇ ಆ ಊರಿನ ಯಜಮಾನರು ಅಂದುಕೊಳ್ಳುತ್ತೇವೆ. ಅಲ್ಲಿ ಹಾಗಿಲ್ಲ. ಕೌಂಟಿ ಇರಲಿ, ನಗರ ಇರಲಿ, ಪ್ರಾಂತ್ಯ ಇರಲಿ, ಪ್ರತಿ ಹಂತದಲ್ಲೂ ಪಕ್ಷದ ಕಾರ್ಯದರ್ಶಿಯೇ ಮೊದಲು. ಗವರ್ನರ್ ಸಾಮಾನ್ಯವಾಗಿ ಅದೇ ಪಕ್ಷ ಸಮಿತಿಯ ಉಪಕಾರ್ಯದರ್ಶಿ, ಅಂದರೆ ನಂಬರ್ ಎರಡು. ಹಾಗಾಗಿ ಗವರ್ನರ್ ಆಗಿದ್ದವರು ಪಕ್ಕದ ಪ್ರಾಂತ್ಯಕ್ಕೆ ಕಾರ್ಯದರ್ಶಿಯಾಗಿ ಹೋದರೆ ಅದು ಬಡ್ತಿ. ಷಿ ಅವರ ಏಣಿ ಇದಕ್ಕೆ ಒಳ್ಳೆಯ ಉದಾಹರಣೆ. 1982ರಲ್ಲಿ ಹೆಬೆ ಪ್ರಾಂತ್ಯದ ಝೆಂಗ್‌ಡಿಂಗ್ ಎಂಬ ಕೌಂಟಿಗೆ ಉಪಕಾರ್ಯದರ್ಶಿ, ನಮ್ಮ ತಾಲ್ಲೂಕು ಇದ್ದ ಹಾಗೆ ಅಂದುಕೊಳ್ಳಿ. ಮರುವರ್ಷ ಅಲ್ಲೇ ಕಾರ್ಯದರ್ಶಿ. 1985ಕ್ಕೆ ಷಿಯಾಮೆನ್ ನಗರದ ಉಪಮೇಯರ್, ನಂತರ ನಿಂಗ್‌ಡೆ, ಫುಝೌ, ಕೊನೆಗೆ ಫುಜಿಯಾನ್ ಗವರ್ನರ್. 2002ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಪಕ್ಷ ಕಾರ್ಯದರ್ಶಿ. 2007ರ ಮಾರ್ಚ್‌ನಲ್ಲಿ ಶಾಂಘೈಗೆ ಹೋದವರು ಅದೇ ಅಕ್ಟೋಬರ್‌ನಲ್ಲಿ ಪಾಲಿಟ್‌ಬ್ಯೂರೊ ಎಂಬ ಪಕ್ಷದ ಮೇಲ್ಮಟ್ಟದ ಕೂಟದಲ್ಲೂ ತುದಿಯಲ್ಲಿರುವ ಸ್ಥಾಯಿ ಸಮಿತಿಯೊಳಗೆ ಇದ್ದರು. ಕೌಂಟಿಯಿಂದ ಅಲ್ಲಿಗೆ ಇಪ್ಪತ್ತೈದು ವರ್ಷ, ಕೊನೆಯ ಮೆಟ್ಟಿಲಲ್ಲಿ ನಿಂತದ್ದು ಏಳೇ ತಿಂಗಳು.

ಒಂದು ಹುದ್ದೆಯಲ್ಲಿ ಎಷ್ಟು ದಿನ ಇದ್ದರು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ದೊಡ್ಡ ಜಾಗದಲ್ಲಿ ಅಷ್ಟು ಕಡಿಮೆ ದಿನ ಇದ್ದು ಮೇಲೆ ಹೋದರೆ, ಅವರನ್ನು ಮೊದಲೇ ಆರಿಸಿಟ್ಟಿರುತ್ತಾರೆ. ಇದರ ತಿರುಗುಮುರುಗು ಕೂಡ ಇದೆ. ರಾಜಕೀಯ ಸಲಹಾ ಸಮ್ಮೇಳನ ಎಂಬ ಸಂಸ್ಥೆಯ ಉಪಾಧ್ಯಕ್ಷ ಸ್ಥಾನ ಕೇಳಲು ಭರ್ಜರಿಯಾಗಿದೆ, ಆದರೆ ಅಲ್ಲಿಂದ ಮೇಲೆ ಹೋಗುವವರು ಕಡಿಮೆ. ಹು ಚುನ್‌ಹುವಾ ಒಂದು ಕಾಲಕ್ಕೆ ಮುಂದಿನ ದೊಡ್ಡ ನಾಯಕ ಅನ್ನಿಸಿಕೊಂಡವರು. 2022ರಲ್ಲಿ ಪಾಲಿಟ್‌ಬ್ಯೂರೊದಿಂದ ಹೊರಗೆ ಬಂದರು, 2023ರ ಮಾರ್ಚ್‌ನಲ್ಲಿ ಈ ಹುದ್ದೆಗೆ ಹೋದರು. ಆಗ ಅವರಿಗೆ ಇನ್ನೂ ಅರವತ್ತು ತುಂಬಿರಲಿಲ್ಲ.

ನನ್ನ ನೋಟ್‌ಬುಕ್‌ನಲ್ಲಿ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದ ಪುಟ ಒಂದು ಸಾದಾ ಕೋಷ್ಟಕ. ಎಡಗಡೆ ಮೇಲಿಂದ ಕೆಳಗೆ ವರ್ಷಗಳು. ಮೇಲ್ಗಡೆ ಅಡ್ಡಕ್ಕೆ ನಾಯಕರ ಹೆಸರು. ಒಳಗಿನ ಚೌಕಗಳಲ್ಲಿ ಆ ವರ್ಷ ಅವರು ಇದ್ದ ಊರು. ಸ್ಕೇಲ್ ಇಟ್ಟು ಗೆರೆ ಎಳೆದು ಒಂದು ಸಂಜೆ ಕೂತರೆ ಆಗುತ್ತದೆ. 2022ರ ಅಕ್ಟೋಬರ್ 23ರಂದು ಬೀಜಿಂಗ್‌ನಲ್ಲಿ ಸ್ಥಾಯಿ ಸಮಿತಿಯ ಏಳು ಜನ ಒಬ್ಬರ ಹಿಂದೆ ಒಬ್ಬರು ವೇದಿಕೆಗೆ ನಡೆದು ಬಂದರಲ್ಲ, ಆ ಏಳು ಹೆಸರನ್ನು ತುಂಬಿ ನೋಡಿ. ಎರಡನೆಯವರು ಲಿ ಕಿಯಾಂಗ್. 2004ರಿಂದ 2007ರ ಚೌಕದಲ್ಲಿ ಅವರು ಝೆಜಿಯಾಂಗ್ ಪಕ್ಷ ಸಮಿತಿಯ ಮಹಾಕಾರ್ಯದರ್ಶಿ, ಅಂದರೆ ಕಾರ್ಯದರ್ಶಿಯವರ ಕಚೇರಿ ನೋಡಿಕೊಳ್ಳುವವರು. ಆ ಕಾರ್ಯದರ್ಶಿ ಷಿ ಜಿನ್‌ಪಿಂಗ್. ಉಪಪ್ರಧಾನಿಯಾಗಿ ಒಂದು ದಿನವೂ ಕೆಲಸ ಮಾಡದ ಲಿ ಕಿಯಾಂಗ್ 2023ರ ಮಾರ್ಚ್‌ನಲ್ಲಿ ನೇರವಾಗಿ ಪ್ರಧಾನಿಯಾದರು. ಕಾಯ್ ಚಿ ಫುಜಿಯಾನ್‌ನಲ್ಲೂ ಇದ್ದರು, ಝೆಜಿಯಾಂಗ್‌ನಲ್ಲೂ ಇದ್ದರು. ಡಿಂಗ್ ಷುಯೆಷಿಯಾಂಗ್ 2007ರಲ್ಲಿ ಶಾಂಘೈನಲ್ಲಿ ಇದ್ದರು, ಯಾವ ಪ್ರಾಂತ್ಯವನ್ನೂ ಆಳಿದವರಲ್ಲ. ಸುಮ್ನೆ ಪತ್ರಿಕೆ ಓದುತ್ತಾ ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಕೋಷ್ಟಕದಲ್ಲಿ ಚೌಕದ ಪಕ್ಕ ಚೌಕ ಅದೇ ಊರಿನ ಹೆಸರು ಬಂದಾಗ ತಾನಾಗಿ ಕಾಣುತ್ತದೆ.

ಆದರೆ ಒಂದು ಎಚ್ಚರಿಕೆ. ಒಟ್ಟಿಗೆ ಕೆಲಸ ಮಾಡಿದವರೆಲ್ಲಾ ಒಟ್ಟಿಗೆ ಏಳುವುದೂ ಇಲ್ಲ, ಒಟ್ಟಿಗೆ ಬೀಳುವುದೂ ಇಲ್ಲ. 1989ರ ಮೇ 19ರ ಫೋಟೋ ಒಂದಿದೆ. ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಜಿಯಾಂಗ್ ಕೈಯಲ್ಲಿ ಚಿಕ್ಕ ಧ್ವನಿವರ್ಧಕ ಹಿಡಿದು ತಿಯಾನನ್‌ಮೆನ್ ಚೌಕದಲ್ಲಿ ಉಪವಾಸ ಕೂತ ವಿದ್ಯಾರ್ಥಿಗಳ ಮುಂದೆ ನಿಂತಿದ್ದಾರೆ. ನಾವು ಬಂದದ್ದು ತೀರಾ ತಡವಾಯಿತು ಅಂದರು ಅವತ್ತು. ಮತ್ತೆ ಅವರು ಜನರ ಎದುರು ಬರಲೇ ಇಲ್ಲ, 2005ರ ಜನವರಿಯಲ್ಲಿ ಸಾಯುವವರೆಗೂ ಗೃಹಬಂಧನ. ಅದೇ ಫೋಟೋದಲ್ಲಿ ಅವರ ಹಿಂದೆ ಗಂಭೀರವಾಗಿ ನಿಂತಿರುವವರು ವೆನ್ ಜಿಯಾಬಾವೊ, ಆಗ ಪಕ್ಷದ ಕೇಂದ್ರ ಕಚೇರಿಯ ಮುಖ್ಯಸ್ಥರು. 2003ರಲ್ಲಿ ಅವರು ಚೀನಾದ ಪ್ರಧಾನಿ. ಆ ಫೋಟೋ ನೋಡಿದಾಗಲೆಲ್ಲಾ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಇಬ್ಬರ ನಡುವೆ ಒಂದು ಮಾರು ಅಂತರವೂ ಇಲ್ಲ.

ವಯಸ್ಸಿನ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಐದು ವರ್ಷಕ್ಕೊಮ್ಮೆ ನಡೆಯುವ ಪಕ್ಷದ ಮಹಾಧಿವೇಶನದ ಹೊತ್ತಿಗೆ 67 ಆಗಿದ್ದರೆ ಮುಂದುವರಿಯಬಹುದು, 68 ಆಗಿದ್ದರೆ ಮನೆಗೆ ಹೋಗಬೇಕು ಅನ್ನುವ ರೂಢಿ ಇತ್ತು, ಎಲ್ಲೂ ಬರೆದಿಟ್ಟ ನಿಯಮವಲ್ಲ. 2022ರಲ್ಲಿ ಅದು ಎರಡೂ ಕಡೆಯಿಂದ ಮುರಿಯಿತು. ಆಗ ಪ್ರಧಾನಿಯಾಗಿದ್ದ 67ರ ಲಿ ಕೆಕಿಯಾಂಗ್, ಸ್ಥಾಯಿ ಸಮಿತಿಯಲ್ಲಿದ್ದ 67ರ ವಾಂಗ್ ಯಾಂಗ್ ಇಬ್ಬರೂ ಹೊರಗೆ. ವಿದೇಶಾಂಗ ಸಚಿವರಾಗಿದ್ದ 69ರ ವಾಂಗ್ ಯಿ ಪಾಲಿಟ್‌ಬ್ಯೂರೊದ ಒಳಗೆ, 72ರ ಜನರಲ್ ಝಾಂಗ್ ಯೌಷಿಯಾ ಕೂಡ ಒಳಗೆ. ಷಿ ಅವರಿಗೇ ಆಗ 69.

ಪಟ್ಟಿಯಲ್ಲಿ ಹೆಸರು ಯಾವ ಸ್ಥಾನದಲ್ಲಿದೆ ಅನ್ನುವುದಕ್ಕೂ ಅರ್ಥ ಇದೆ, ಆದರೆ ಎಲ್ಲಾ ಪಟ್ಟಿಗೂ ಒಂದೇ ಅರ್ಥ ಇಲ್ಲ. ಸ್ಥಾಯಿ ಸಮಿತಿಯ ಏಳು ಹೆಸರು ಸ್ಥಾನಮಾನದ ಪ್ರಕಾರ ಬರುತ್ತವೆ. ಉಳಿದ ಪಾಲಿಟ್‌ಬ್ಯೂರೊ ಸದಸ್ಯರ ಹೆಸರು ಬರುವುದು ಮನೆತನದ ಹೆಸರನ್ನು ಬರೆಯಲು ಎಷ್ಟು ಗೆರೆ ಬೇಕು ಎಂಬ ಲೆಕ್ಕದಲ್ಲಿ, ನಮ್ಮಲ್ಲಿ ಅಕಾರಾದಿ ಇದ್ದ ಹಾಗೆ. ಅದನ್ನು ನೋಡಿ ಇವರು ಮೇಲೆ ಅವರು ಕೆಳಗೆ ಅಂತ ಹೇಳಲು ಹೋಗಬೇಡಿ. ಪಾಲಿಟ್‌ಬ್ಯೂರೊಗಿಂತ ಕೆಳಗಿನ ದೊಡ್ಡ ಕೂಟವಾದ ಕೇಂದ್ರ ಸಮಿತಿಯಲ್ಲಿ ಮತದ ಹಕ್ಕಿಲ್ಲದ ಪರ್ಯಾಯ ಸದಸ್ಯರೂ ಇರುತ್ತಾರೆ, ಅವರ ಪಟ್ಟಿ ಮಾತ್ರ ಬಿದ್ದ ಮತಗಳ ಪ್ರಕಾರ ಇರುತ್ತದೆ. 1997ರಲ್ಲಿ ಆ ಪಟ್ಟಿಯಲ್ಲಿ 151 ಹೆಸರಿದ್ದವು. ಕಟ್ಟಕಡೆಯ ಹೆಸರು ಷಿ ಜಿನ್‌ಪಿಂಗ್. ಹದಿನೈದು ವರ್ಷಕ್ಕೆ ಅವರು ಪಕ್ಷದ ಪ್ರಧಾನ ಕಾರ್ಯದರ್ಶಿ.

ಇನ್ನು ಹುದ್ದೆಯೇ ಇಲ್ಲದವರ ಕೈಯಲ್ಲಿ ಅಧಿಕಾರ ಇರುವುದೂ ಉಂಟು. ಮಾವೊ ನಂತರ ಚೀನಾವನ್ನು ನಡೆಸಿದ ಡೆಂಗ್ ಷಿಯಾವೊಪಿಂಗ್ ಯಾವತ್ತೂ ದೇಶದ ಅಧ್ಯಕ್ಷರಾಗಲಿಲ್ಲ. ಅವರು ಹಿಡಿದಿಟ್ಟುಕೊಂಡದ್ದು ಸೈನ್ಯದ ಲಗಾಮು ಹಿಡಿದಿರುವ ಕೇಂದ್ರ ಸೇನಾ ಆಯೋಗದ ಅಧ್ಯಕ್ಷತೆ, ಅದನ್ನೂ 1989ರ ನವೆಂಬರ್‌ನಲ್ಲಿ ಬಿಟ್ಟರು. 1992ರಲ್ಲಿ ಯಾವ ಹುದ್ದೆಯೂ ಇಲ್ಲದೆ ರೈಲು ಹತ್ತಿ ದಕ್ಷಿಣಕ್ಕೆ ಹೋಗಿ, ಶೆನ್‌ಝೆನ್‌ನಲ್ಲಿ ನಾಲ್ಕು ಮಾತು ಆಡಿ ಬಂದರು, ದೇಶದ ಆರ್ಥಿಕ ದಾರಿಯೇ ತಿರುಗಿತು. ಅದಕ್ಕೇ ಯಾರದೇ ಬಯೋಡೇಟಾದಲ್ಲಿ ಸೇನಾ ಆಯೋಗದ ಹೆಸರು ಬಂದರೆ ಅದರ ಕೆಳಗೆ ಗೆರೆ ಹಾಕಿ. ಷಿ 2010ರಲ್ಲಿ ಅದರ ಉಪಾಧ್ಯಕ್ಷರಾದಾಗಲೇ ಮುಂದಿನವರು ಇವರೇ ಅಂತ ಬಲ್ಲವರು ಹೇಳಿದ್ದರು.

ಕೊನೆಯದು, ಒಬ್ಬರು ಬೀಳುವುದನ್ನು ಗುರುತಿಸುವುದು. ಇದಕ್ಕೆ ಕಿನ್ ಗಾಂಗ್ ಅವರ ವಿಷಯವನ್ನು ತಾರೀಕು ತಾರೀಕಾಗಿ ನೋಡಬೇಕು. 2022ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವರಾದರು. 2023ರ ಜೂನ್ 25ರಂದು ಶ್ರೀಲಂಕಾ ಮತ್ತು ವಿಯೆಟ್ನಾಂ ವಿದೇಶಾಂಗ ಸಚಿವರನ್ನು ಬೀಜಿಂಗ್‌ನಲ್ಲಿ ಭೇಟಿ ಮಾಡಿದರು. ಆಮೇಲೆ ಕಾಣಿಸಲಿಲ್ಲ. ಜುಲೈನಲ್ಲಿ ಜಕಾರ್ತದ ಸಭೆಗೆ ಹೋಗಲಿಲ್ಲ, ಆರೋಗ್ಯದ ಕಾರಣ ಅಂದರು. ಜುಲೈ 25ಕ್ಕೆ ಸಚಿವ ಸ್ಥಾನ ಹೋಯಿತು, ಕಾರಣ ಹೇಳಲಿಲ್ಲ. ಆದರೆ ಸ್ಟೇಟ್ ಕೌನ್ಸಿಲರ್ ಎಂಬ, ಸಚಿವರಿಗಿಂತ ಒಂದು ಮೆಟ್ಟಿಲು ಮೇಲಿನ ಹುದ್ದೆ ಅಕ್ಟೋಬರ್‌ವರೆಗೆ ಹಾಗೇ ಉಳಿಯಿತು. ಈ ಅಂತರವನ್ನು ಬರೆದಿಟ್ಟುಕೊಳ್ಳಿ. 2024ರ ಜುಲೈನಲ್ಲಿ ಕೇಂದ್ರ ಸಮಿತಿಯ ಹೇಳಿಕೆ ಬಂತು. ಕಾಮ್ರೇಡ್ ಕಿನ್ ಗಾಂಗ್ ಅವರ ರಾಜೀನಾಮೆ ಸ್ವೀಕರಿಸಲಾಗಿದೆ ಅಂತ ಅದರಲ್ಲಿತ್ತು. ಅದೇ ಹೇಳಿಕೆಯಲ್ಲಿ ರಕ್ಷಣಾ ಸಚಿವರಾಗಿದ್ದ ಲಿ ಶಾಂಗ್‌ಫು ಅವರ ಉಚ್ಚಾಟನೆಯನ್ನೂ ಖಚಿತಪಡಿಸಿದರು. ಅವರ ಹೆಸರಿನ ಜೊತೆ ಕಾಮ್ರೇಡ್ ಇರಲಿಲ್ಲ. ಒಬ್ಬರು ಹುದ್ದೆ ಕಳೆದುಕೊಂಡರು, ಇನ್ನೊಬ್ಬರು ಪಕ್ಷವನ್ನೇ ಕಳೆದುಕೊಂಡರು, ಗೊತ್ತಾಗುವುದು ಆ ಒಂದು ಪದದಿಂದ.

ಪದಗಳ ವಿಷಯದಲ್ಲಿ ಇನ್ನೆರಡು. ಹುದ್ದೆಯಿಂದ ತೆಗೆಯುವಾಗ ಬೇರೆ ಕೆಲಸ ಕೊಡಲಾಗುವುದು ಅನ್ನುವ ಮಾತಿದ್ದರೆ ಸದ್ಯಕ್ಕೆ ಗಾಬರಿ ಬೇಡ. ಶಿಸ್ತು ಮತ್ತು ಕಾನೂನಿನ ಗಂಭೀರ ಉಲ್ಲಂಘನೆ ಅನ್ನುವ ಮಾತು ಬಂದರೆ ಮಾತ್ರ ವಾಪಸ್ ಬರುವವರು ಅಪರೂಪ. ಮೊದಲು ಪಕ್ಷದಿಂದ ಉಚ್ಚಾಟನೆ, ನಂತರ ಕೋರ್ಟು. ಚೊಂಗ್‌ಚಿಂಗ್‌ನ ಪಕ್ಷ ಕಾರ್ಯದರ್ಶಿ ಬೊ ಷಿಲಾಯ್ ಅವರನ್ನು 2012ರ ಮಾರ್ಚ್‌ನಲ್ಲಿ ಸ್ಥಾನದಿಂದ ತೆಗೆದರು, ಸೆಪ್ಟೆಂಬರ್‌ನಲ್ಲಿ ಪಕ್ಷದಿಂದ ಹೊರಹಾಕಿದರು, ಮುಂದಿನ ಸೆಪ್ಟೆಂಬರ್‌ಗೆ ಜೀವಾವಧಿ ಶಿಕ್ಷೆ. ಹದಿನೆಂಟು ತಿಂಗಳಲ್ಲಿ ಎಲ್ಲಾ ಮುಗಿದಿತ್ತು.

ಪಕ್ಷದ ಮುಂದಿನ ಮಹಾಧಿವೇಶನ 2027ರಲ್ಲಿ. ಕೋಷ್ಟಕವನ್ನು ಈಗಲೇ ಶುರು ಮಾಡಿ, ಅವತ್ತು ಕೂತರೆ ಆಗುವುದಿಲ್ಲ. 2022ರಲ್ಲಿ ಆರಿಸಿದ ಪಾಲಿಟ್‌ಬ್ಯೂರೊದ 24 ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ, ಕೊನೆಯ ಸಲ ಜನರ ಎದುರು ಕಾಣಿಸಿದ ತಾರೀಕು, ಇಷ್ಟು ಸಾಕು ಮೊದಲಿಗೆ. ಅಧಿವೇಶನ ಮುಗಿದು ಅವರು ಸಾಲಾಗಿ ನಡೆದು ಬಂದಾಗ ಯಾರು ಬಂದರು ಅನ್ನುವುದನ್ನು ಎಲ್ಲಾ ಚಾನೆಲ್‌ಗಳೂ ಹೇಳುತ್ತವೆ. ನೀವು ಯಾರು ಬರಲಿಲ್ಲ ಅಂತ ನೋಡಿ, ಅವರ ವಯಸ್ಸು 68ಕ್ಕಿಂತ ಕಡಿಮೆ ಇದ್ದರೆ ಹೆಸರಿನ ಸುತ್ತ ಕೆಂಪು ಇಂಕಿನಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಓದಲು ಶುರು ಮಾಡಿ.