ಯುದ್ಧಾನಂತರದ ಇಂಗ್ಲೆಂಡಿನ ಬಾಲ್ಯವನ್ನು ಕೇಳಿ ಬರೆದಿಡುವ ಬಗೆ

ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ ಇಂಗ್ಲೆಂಡಿನ ಉಪನಗರಗಳಲ್ಲಿ ಶಾಲೆಗೆ ಸೇರಿದ ಮಕ್ಕಳಿಗೆ ಈಗ ಎಂಬತ್ತು ದಾಟಿದೆ. ಅಂಥವರೊಬ್ಬರ ಬಾಲ್ಯವನ್ನು ಬರೆದಿಡಲು ಹೊರಟವರು ‘ಆ ಕಾಲ ಹೇಗಿತ್ತು?’ ಎಂದು ಮಾತು ತೆಗೆಯಬಾರದು. ‘ಕಷ್ಟವಿತ್ತು, ಆದರೂ ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಒಂದು ದೊಡ್ಡ ಹಾಳೆಯನ್ನೂ ಪೆನ್ಸಿಲನ್ನೂ ಕೊಟ್ಟು, ಮನೆಯ ಬಾಗಿಲಿನಿಂದ ಶಾಲೆಯವರೆಗಿನ ದಾರಿಯನ್ನು ಗೀಚಿ ತೋರಿಸುವಂತೆ ಕೇಳಿ. ಗೆರೆ ಮುಂದೆ ಸಾಗಿದಂತೆ, ಕಲ್ಲಿದ್ದಲಿನ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಬಾಂಬು ಬಿದ್ದು ಬಯಲಾದ ಜಾಗದಲ್ಲಿ ಯಾವ ಆಟ ನಡೆಯುತ್ತಿತ್ತು, ಬಾಂಬು ದಾಳಿಯಿಂದ ಪಾರಾಗಲು ಯುದ್ಧಕಾಲದಲ್ಲಿ ಹಾಕಿ ಹಿತ್ತಿಲಲ್ಲಿ ಉಳಿದಿದ್ದ ‘ಆಂಡರ್ಸನ್’ ಎಂಬ ತಗಡಿನ ಅಡಗುದಾಣದಲ್ಲಿ ಸೈಕಲ್ ಇಡುತ್ತಿದ್ದರೋ ಸಲಿಕೆ ಇಡುತ್ತಿದ್ದರೋ ಎಂಬುದೆಲ್ಲ ತಾನಾಗಿ ಹೊರಬರುತ್ತದೆ. ಮನೆ ಯಾವ ಬಗೆಯದೆಂದು ತಪ್ಪದೆ ಕೇಳಿ. ತಾತ್ಕಾಲಿಕ ವಸತಿಗೆಂದು 1944ರ ಕಾಯ್ದೆಯಡಿ ಕಟ್ಟಿದ ಸುಮಾರು ಒಂದೂವರೆ ಲಕ್ಷ ‘ಪ್ರಿಫ್ಯಾಬ್’ (ಕಾರ್ಖಾನೆಯಲ್ಲಿ ಭಾಗಗಳನ್ನು ತಯಾರಿಸಿ ತಂದು ಜೋಡಿಸಿದ) ಮನೆಗಳಲ್ಲಿ ಅನೇಕಕ್ಕೆ ಫ್ರಿಜ್ ಇತ್ತು. ಅಕ್ಕಪಕ್ಕದ ಬೀದಿಯ ಹಳೆಯ ಮನೆಗಳಲ್ಲಿ ಹೆಚ್ಚಿನವಕ್ಕೆ ಇರಲಿಲ್ಲ.

ಆಮೇಲೆ ಶಾಲೆಯ ಹಾಲಿನ ವಿಷಯ ಎತ್ತಿ. 1946ರ ಕಾಯ್ದೆಯಿಂದ ಪ್ರತಿ ವಿದ್ಯಾರ್ಥಿಗೂ ದಿನಕ್ಕೆ ಮೂರನೇ ಒಂದು ಪಿಂಟ್, ಎಂದರೆ ಸುಮಾರು 190 ಮಿಲಿಲೀಟರ್ ಹಾಲು ಉಚಿತವಾಗಿ ಸಿಗುತ್ತಿತ್ತು. ನಾನು ಎದುರು ಕೂತು ಕೇಳಿದ ಹಿರಿಯರೊಬ್ಬರು ಈ ಮಾತು ಬಂದೊಡನೆ ಹೆಬ್ಬೆರಳಿನಿಂದ ಮೇಜನ್ನು ಒತ್ತಿ, ಸೀಸೆಯ ಮುಚ್ಚಳ ತೆಗೆಯುವ ಬಗೆಯನ್ನು ತೋರಿಸಿದರು. ಚಳಿಗಾಲದ ಬೆಳಿಗ್ಗೆ ಹಾಲು ಹೆಪ್ಪುಗಟ್ಟಿ ಮುಚ್ಚಳವನ್ನು ಮೇಲಕ್ಕೆ ನೂಕಿರುತ್ತಿತ್ತಂತೆ. ಕರಗಲೆಂದು ಒಲೆಯ ಪಕ್ಕ ಇಟ್ಟ ಸೀಸೆಯ ಉಗುರುಬೆಚ್ಚನೆಯ ಹಾಲಿನ ವಾಸನೆ ಅವರಿಗೆ ಇಂದಿಗೂ ಹಿಡಿಸದು. ಕೈ ಮಾಡಿದ ಇಂಥ ಸನ್ನೆಯನ್ನು ಧ್ವನಿಮುದ್ರಣ ಹಿಡಿಯಲಾರದು, ಆದ್ದರಿಂದ ಅದನ್ನು ಆಗಲೇ ಗುರುತು ಹಾಕಿಕೊಳ್ಳಿ.

ಇಸವಿಗಳನ್ನು ಮಾತಿನ ನಡುವೆ ತಿದ್ದಲು ಹೋಗಬೇಡಿ. ಮಿಠಾಯಿಯ ಪಡಿತರ ಕೊನೆಗೊಂಡದ್ದು 1953ರ ಫೆಬ್ರವರಿ 5ರಂದು. ಆದರೆ ಯಾರಾದರೂ ‘1949ರಲ್ಲೇ ಕೂಪನ್ ಇಲ್ಲದೆ ಮಿಠಾಯಿ ಕೊಂಡಿದ್ದೆ’ ಎಂದರೆ ಅವರು ತಪ್ಪಿಲ್ಲ: ಆ ವರ್ಷ ಏಪ್ರಿಲ್‌ನಲ್ಲಿ ಪಡಿತರ ತೆಗೆದಿದ್ದ ಸರ್ಕಾರ, ಬೇಡಿಕೆಗೆ ಸಾಕಾಗುವಷ್ಟು ಸರಕಿಲ್ಲದೆ ಆಗಸ್ಟ್‌ನಲ್ಲಿ ಮತ್ತೆ ಹೇರಿತು. ಮಾಂಸವೂ ಸೇರಿ ಆಹಾರದ ಪಡಿತರ ಪೂರ್ತಿ ಮುಗಿದದ್ದು 1954ರ ಜುಲೈ 4ರಂದು. ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು, ಮನೆಗೆ ಬಂದ ಮೇಲೆ ಪತ್ರಿಕೆಗಳೊಡನೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಅಂಚಿನಲ್ಲಿ ಬೇರೆಯಾಗಿ ನಮೂದಿಸಿ. ಹಣವನ್ನೂ ಹಾಗೆಯೇ ಬಿಡಿ. 1971ರವರೆಗೆ ಹನ್ನೆರಡು ‘ಪೆನ್ನಿ’ ನಾಣ್ಯಕ್ಕೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕವಿತ್ತು. ಮೂರು ಪೆನ್ನಿಯ ಮಿಠಾಯಿಯನ್ನು ಇಂದಿನ ಬೆಲೆಗೆ ತಿರುಗಿಸಿದರೆ ಮಗುವಿನ ಮುಷ್ಟಿಯಲ್ಲಿದ್ದ ನಾಣ್ಯ ಮಾಯವಾಗುತ್ತದೆ.

1953ರ ಜೂನ್ 2ರಂದು ನಡೆದ ರಾಣಿ ಎರಡನೇ ಎಲಿಜಬೆತ್ ಪಟ್ಟಾಭಿಷೇಕವನ್ನು ಎಲ್ಲರೂ ಹೇಳುತ್ತಾರೆ. ಟಿವಿ ಯಾರ ಮನೆಯದು, ನೀವು ನೆಲದ ಮೇಲೆ ಕೂತಿದ್ದಿರಾ ಎಂದು ಕೇಳಿದರೆ ಸಾಕು.

ಹನ್ನೊಂದರ ವಯಸ್ಸಿನ ‘ಇಲೆವನ್ ಪ್ಲಸ್’ ಪರೀಕ್ಷೆಯನ್ನು ಮಾತ್ರ ಮೊದಲ ದಿನ ಕೆದಕಬೇಡಿ. ಮುಂದಿನ ಓದಿಗೆ ಅಣಿಗೊಳಿಸುವ ಗ್ರಾಮರ್ ಶಾಲೆಗೆ ಯಾರು, ಉಳಿದವರಿಗೆಂದಿದ್ದ ಸೆಕೆಂಡರಿ ಮಾಡರ್ನ್ ಶಾಲೆಗೆ ಯಾರು ಎಂದು ಅದು ವಿಂಗಡಿಸುತ್ತಿತ್ತು, ಒಂದೇ ಬೀದಿಯ ಗೆಳೆಯರು ಅದರಿಂದಾಗಿ ಬೇರೆಯಾದರು. ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ, ಅವರೇ ಬರೆದ ಆ ನಕ್ಷೆಯನ್ನು ಮತ್ತೆ ಮುಂದಿಟ್ಟು, ಹನ್ನೊಂದು ತುಂಬಿದ ಮೇಲೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ಜೊತೆಗೆ ಯಾರಿದ್ದರು ಎಂದು ಕೇಳಿ.