ಯುದ್ಧದಿಂದ ಮರಳಿದವನ ಒಳಗುದಿಯನ್ನು ಕಥೆಯಲ್ಲಿ ಬರೆಯುವ ಬಗೆ

ಯುದ್ಧದಿಂದ ಮರಳಿದ ಸೈನಿಕನ ಕಥೆಯನ್ನು ಬರೆಯಲು ಕುಳಿತವರು, ಅವನನ್ನು ಕಾಡುತ್ತಿರುವುದು ತನಗೆ ಆದದ್ದೋ ತಾನು ಮಾಡಿದ್ದೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಸಾವನ್ನು ಹತ್ತಿರದಿಂದ ಕಂಡ ಭಯ ಒಂದು ಬಗೆಯ ಗಾಯವಾದರೆ, ಮಾಡಬಾರದ್ದನ್ನು ಮಾಡಿದೆ ಎಂಬ ಕೊರಗು ಬೇರೆಯೇ ಬಗೆಯದು. ಶಾಂತಿಪರ್ವದ ಆರಂಭದಲ್ಲಿ, ಗೆದ್ದ ರಾಜ್ಯವನ್ನು ಬಿಟ್ಟು ಕಾಡಿಗೆ ಹೋಗುತ್ತೇನೆಂದು ಯುಧಿಷ್ಠಿರನು ಹಟ ಹಿಡಿಯುವುದು ಮೈಮೇಲಿನ ಗಾಯಗಳಿಂದಲ್ಲ. ಬಂಧುಗಳನ್ನು ಕೊಂದ ಪಶ್ಚಾತ್ತಾಪದಿಂದ, ಅದರಲ್ಲೂ ಕರ್ಣನು ತನ್ನ ಅಣ್ಣನೆಂಬುದು ಅವನು ಸತ್ತ ಮೇಲೆ ತಿಳಿದದ್ದರಿಂದ. ನನ್ನ ಮಟ್ಟಿಗೆ ಕಥೆಗೆ ಹೆಚ್ಚು ಒದಗುವುದು ಈ ಎರಡನೆಯ ಗಾಯವೇ.

ಆ ಗಾಯವನ್ನು ಒಂದೇ ಘಟನೆಗೆ ಕಟ್ಟಿರಿ. ಉದಾಹರಣೆಗೆ, ನಿಮ್ಮ ಹವಾಲ್ದಾರನು 1999ರ ಕಾರ್ಗಿಲ್ ಯುದ್ಧದಲ್ಲಿದ್ದವನೆಂದುಕೊಳ್ಳಿ. ಶತ್ರು ಶಿಖರದ ಮೇಲೆ ಕುಳಿತಿದ್ದಾನೆ. ಬೆಳಕು ಹರಿದರೆ ಬೋಳು ಇಳಿಜಾರಿನಲ್ಲಿ ಮರೆಯೆಂಬುದೇ ಇಲ್ಲವಾದ್ದರಿಂದ ಕತ್ತಲೆಯಲ್ಲೇ ಹತ್ತಬೇಕು. ಗುಂಡು ತಗುಲಿ ಬಿದ್ದ ಜೊತೆಗಾರ ನೀರು ಕೇಳುತ್ತಾನೆ, ಇವನು ಆಜ್ಞೆಯಂತೆ ಮುಂದಕ್ಕೆ ಹತ್ತುತ್ತಾನೆ. ಇವನು ಮಾಡಿದ್ದು ತಪ್ಪೆಂದು ಯಾರೂ ಹೇಳುವುದಿಲ್ಲ, ಹಾಗೆ ಹೇಳುವವರು ಇಲ್ಲದಿರುವುದೇ ಅವನ ಸಂಕಟ.

ಈ ದೃಶ್ಯದಿಂದ ಕಥೆಯನ್ನು ಆರಂಭಿಸಬೇಡಿ, ಊರಿನಿಂದ ಆರಂಭಿಸಿ. ಸೋದರಸೊಸೆಯ ಮದುವೆಯ ಪಂಕ್ತಿಯಲ್ಲಿ ಅವನು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಾನೆ. ಬಡಿಸುವ ಹುಡುಗ ಜಗ್ಗು ಹಿಡಿದು "ನೀರು, ನೀರು" ಎನ್ನುತ್ತಾ ಬಂದಾಗ, ಇವನು ಅರ್ಧ ಉಂಡ ಎಲೆಯನ್ನು ಬಿಟ್ಟು ಎದ್ದುಹೋಗುತ್ತಾನೆ. ಪಂಕ್ತಿಯ ನಡುವೆ ಎದ್ದದ್ದಕ್ಕೆ ಬೀಗರು ಮುನಿಸಿಕೊಳ್ಳುತ್ತಾರೆ, ಅಕ್ಕ ಅವರ ಕ್ಷಮೆ ಕೇಳುತ್ತಾಳೆ, ಕಾರಣವನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಲೇಖಕರೂ ವಿವರಿಸಬಾರದು. ಇಂತಹ ನೆನಪು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಬರುವುದಿಲ್ಲ. ಒಂದು ವಾಸನೆಯಾಗಿ, ಒಂದು ಸದ್ದಾಗಿ, ಬಹಳ ಸಲ ವರ್ಷಗಳ ನಂತರ ಬರುತ್ತದೆ. ಆದ್ದರಿಂದ ಬೆಟ್ಟದ ಆ ರಾತ್ರಿಯನ್ನು ಚೂರುಚೂರಾಗಿ ಕೊಡಿ, ಒಂದೆರಡು ಚೂರುಗಳನ್ನು ಕೊಡದೆಯೂ ಇರಿ.

ಕಾಲಕ್ಕೆ ತಕ್ಕ ಮಾತನ್ನು ಬಳಸುವುದೂ ಅಗತ್ಯ. ಯುದ್ಧದಿಂದ ಸೈನಿಕರ ಮನಸ್ಸಿಗಾದ ಆಘಾತವನ್ನು ಸೂಚಿಸುವ 'ಶೆಲ್ ಶಾಕ್' ಎಂಬ ಹೆಸರು ವೈದ್ಯಕೀಯ ಬರಹದಲ್ಲಿ ಕಾಣಿಸಿಕೊಂಡದ್ದು 1915ರಲ್ಲಿ. ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಅಮೆರಿಕದ ಮನೋವೈದ್ಯರ ಸಂಘವು ಮನೋರೋಗಗಳನ್ನು ಪಟ್ಟಿಮಾಡುವ ತನ್ನ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. 1971ರ ಯುದ್ಧದಿಂದ ಆಗಷ್ಟೇ ಮರಳಿದವನ ಬಾಯಲ್ಲಿ ಆ ಕಾಯಿಲೆಯ ಹೆಸರನ್ನು ಇಟ್ಟರೆ ಕಥೆ ಸುಳ್ಳಾಗುತ್ತದೆ. ಅವನ ಹೆಂಡತಿ "ಮಿಲಿಟರಿಯಿಂದ ಬಂದಮೇಲೆ ಇವರಿಗೆ ನಿದ್ದೆಯೇ ಇಲ್ಲ" ಎಂದಷ್ಟೇ ಹೇಳುವಳು. ಮೊದಲನೆಯ ಮಹಾಯುದ್ಧದ ಕಾಲವನ್ನು ಆರಿಸಿಕೊಂಡರೆ, ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಓದುತ್ತಿದ್ದರೆಂಬುದನ್ನು ನೆನಪಿಡಿ. ಕೆಲವರು ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬ್ರಿಟಿಷರನ್ನು ಕೆಂಪು ಮೆಣಸೆಂದೂ ಕರೆದು, ಅಡುಗೆಯ ಮಾತಿನಲ್ಲೇ ಸಾವಿನ ಸುದ್ದಿಯನ್ನು ಊರಿಗೆ ತಿಳಿಸಿದರು.

ಹೆಂಡತಿಯ ಪ್ರೀತಿಯಿಂದ ಅವನು ಪೂರ್ತಿ ಗುಣವಾದನೆಂದಾಗಲಿ, ಹುಚ್ಚು ಹಿಡಿದು ಸತ್ತನೆಂದಾಗಲಿ ಕಥೆಯನ್ನು ಮುಗಿಸುವ ಆತುರ ಬೇಡ. ಎಷ್ಟೋ ಮಂದಿ ಆ ನೋವನ್ನಿಟ್ಟುಕೊಂಡೇ ಹೊಲ ಉಳುತ್ತಾರೆ, ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಲ್ಲುತ್ತಾರೆ.

ಬರೆಯುವ ಮುನ್ನ ಸಾಧ್ಯವಾದರೆ ನಿಮ್ಮೂರಿನ ಮಾಜಿ ಸೈನಿಕರೊಬ್ಬರ ಬಳಿ ಕುಳಿತುಕೊಳ್ಳಿ. ಎಷ್ಟು ಜನರನ್ನು ಕೊಂದಿರೆಂದು ಎಂದಿಗೂ ಕೇಳಬೇಡಿ. ಬೂಟಿನ ಬಗ್ಗೆ, ಚಳಿಯ ಬಗ್ಗೆ, ಊಟದ ಬಗ್ಗೆ ಕೇಳಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ.