ಕುರಿಯೂ ಉಳಿಯಬೇಕು, ತೋಳವೂ ಉಳಿಯಬೇಕು

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆ ತೋಳಧಾಮ ಇದೆ. ಆದರೆ ತೋಳಕ್ಕೆ ಗಡಿ ಗೊತ್ತಿಲ್ಲ, ನಮ್ಮ ಕುರಿ ಮೇಯುವ ಬಯಲಿಗೂ ಬರುತ್ತದೆ. ನಾವು ಕುರಿ ಸಾಕುವವರು, ಮಾಡುವುದನ್ನೇ ಹೇಳುತ್ತೇನೆ.

ಕತ್ತಲಾಗುವ ಮೊದಲೇ ಹಿಂಡನ್ನು ದೊಡ್ಡಿಗೆ ಸೇರಿಸಿ. ಮುಳ್ಳುಬೇಲಿ ಎದೆಮಟ್ಟ ಇರಲಿ, ಬುಡದಲ್ಲಿ ಸಂದು ಬೇಡ. ಮೇಯಿಸುವಾಗ ಒಂದು ತೋಳ ಎದುರಿಗೆ ಕಾಣಿಸಿಕೊಂಡು ನಾಯಿಯನ್ನು ಸೆಳೆಯುತ್ತದೆ, ಇನ್ನೊಂದು ಹಿಂದಿನಿಂದ ಬಂದು ಮರಿ ಹಿಡಿಯುತ್ತದೆ. ನಾಯಿ ಅಟ್ಟಿಸಿಕೊಂಡು ಹೋದರೂ ನೀವು ಹಿಂಡು ಬಿಡಬೇಡಿ. "ತೋಳ ಕಂಡ ಕಡೆ ನೋಡಬ್ಯಾಡ, ಕಾಣದ ಕಡೆ ನೋಡು" ಅನ್ನುತ್ತಿದ್ದರು ನಮ್ಮಜ್ಜ.

ನಾಯಿಗಳಿಗೆ ರೇಬೀಸ್ ಮತ್ತು ಡಿಸ್ಟೆಂಪರ್ (ನಾಯಿಗಳಿಗೆ ಬರುವ ಒಂದು ಅಂಟುರೋಗ) ಲಸಿಕೆ ಹಾಕಿಸಿ. ಈ ರೋಗಗಳು ನಾಯಿಯಿಂದ ತೋಳಕ್ಕೆ ತಗುಲಿದರೆ ತೋಳದ ಇಡೀ ಗುಂಪೇ ಸಾಯಬಹುದು.

ಕುರಿ ಸತ್ತರೆ ಸಿಟ್ಟು ಬರುತ್ತದೆ, ಅಲ್ವಾ? ಆದರೂ ಹೆಣಕ್ಕೆ ವಿಷ ಹಾಕಬೇಡಿ. ಅದನ್ನು ತಿಂದು ನಮ್ಮ ನಾಯಿಯೂ ಸಾಯುತ್ತದೆ. ಫೋಟೊ ತೆಗೆದು, ಹೆಣ ಅಲ್ಲೇ ಬಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ, ಪರಿಹಾರ ಕೇಳಿ.

ಚಳಿಗಾಲದಲ್ಲಿ ಪೊದೆ, ಬಂಡೆ ಸಂದಿಯ ಗವಿಗಳಲ್ಲಿ ತೋಳದ ಮರಿಗಳಿರುತ್ತವೆ. ಆ ಕಡೆ ಹಿಂಡು ಹೊಡೆಯಬೇಡಿ. ಗವಿಗೆ ಹೊಗೆ ಹಾಕುವವರನ್ನು ಕಂಡರೆ ದಯವಿಟ್ಟು ತಡೆಯಿರಿ.